ಜ್ವರ ಬಂದು ಎಷ್ಟು ದಿನವಾಯಿತು?

2024ರ ಮಳೆಗಾಲ ಶುರುವಾಗುತ್ತಲೇ ಕರ್ನಾಟಕದಲ್ಲಿ ಡೆಂಗಿ ಏರತೊಡಗಿತು. ಲ್ಯಾಬ್‌ಗಳ ಮುಂದೆ ಸಾಲು ಬೆಳೆಯಿತು. ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಪರೀಕ್ಷೆಗಳ ದರಕ್ಕೆ ಮಿತಿ ಹಾಕಿತು: ಲ್ಯಾಬ್ ಯಂತ್ರದಲ್ಲಿ ಮಾಡುವ ಎಲಿಸಾ ವಿಧಾನದ ಎನ್‌ಎಸ್‌1ಗೆ 300 ರೂಪಾಯಿ, ಐಜಿಎಂಗೆ 300, ರ‍್ಯಾಪಿಡ್ ಕಾರ್ಡಿಗೆ 250. ಜೇಬಿನ ಭಾರವೇನೋ ಇಳಿಯಿತು. ಆದರೆ ಯಾವ ದಿನ ಯಾವ ಪರೀಕ್ಷೆ ಮಾಡಿಸಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದು ಇಂದಿಗೂ ಹಲವರಿಗೆ ತಿಳಿದಿಲ್ಲ.

ಕಾರ್ಡ್ ನೋಡಲು ಸರಳ. ಕೆಲವು ಹನಿ ರಕ್ತ ಅಥವಾ ಸೀರಂ ಹಾಕಿದರೆ 15–20 ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ಒಳಗಿನ ಪಟ್ಟಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. ರಕ್ತದಲ್ಲಿ ಡೆಂಗಿಯ ಎನ್‌ಎಸ್‌1 ಪ್ರೋಟೀನ್ ಇದ್ದರೆ ಅದು ಈ ಕಣಗಳ ಜೊತೆ ಸೇರಿ ಪಟ್ಟಿಯುದ್ದಕ್ಕೂ ಹರಿದು, ‘ಟಿ’ ಗುರುತಿನ ಬಳಿ ಸಿಕ್ಕಿಕೊಳ್ಳುತ್ತದೆ. ಕೆಂಪು ಗೆರೆ ಮೂಡುವುದು ಆಗಲೇ. ಅಷ್ಟು ಸಣ್ಣದಾದಾಗ ಚಿನ್ನದ ಬಣ್ಣ ಕೆಂಪು. ‘ಸಿ’ ಬಳಿಯ ಗೆರೆ ಮೂಡದಿದ್ದರೆ ಆ ಕಾರ್ಡ್ ಕೆಟ್ಟಿದೆ ಎಂದರ್ಥ, ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಎನ್‌ಎಸ್‌1 ಎಂಬುದು ವೈರಸ್ ಹೊಕ್ಕ ಜೀವಕೋಶಗಳು ರಕ್ತಕ್ಕೆ ಬಿಡುವ ಪ್ರೋಟೀನ್. ಜ್ವರದ ಮೊದಲ ದಿನದಿಂದಲೇ ಇದು ಸಿಗಬಹುದು. ಐದು ದಿನ ಕಳೆದ ಮೇಲೆ ಸಿಗುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ. ಸಾಮಾನ್ಯವಾಗಿ ಐದನೇ ದಿನದ ಹೊತ್ತಿಗೆ ದೇಹ ತಯಾರಿಸಿದ ಐಜಿಎಂ ಪ್ರತಿಕಾಯ ಕಾಣತೊಡಗುತ್ತದೆ. ಎರಡನೇ ದಿನ ಐಜಿಎಂ ಹುಡುಕಿದರೂ, ಎಂಟನೇ ದಿನ ಬರೀ ಎನ್‌ಎಸ್‌1 ಹುಡುಕಿದರೂ ನೆಗೆಟಿವ್ ಬಂದೀತು, ರೋಗ ಮಾತ್ರ ಒಳಗೇ ಇದ್ದೀತು. ಇನ್ನು ಐಜಿಎಂ ಎರಡು-ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ, ಈಗಿನ ಜ್ವರ ಬೇರೆಯದಾಗಿದ್ದು ಹಳೆಯ ಡೆಂಗಿಯ ಗುರುತು ಪಾಸಿಟಿವ್ ತೋರಿಸುವುದೂ ಉಂಟು. ಹಾಗಾಗಿ ಜ್ವರ ಶುರುವಾದ ತಾರೀಕು ಇಲ್ಲದ ವರದಿ ಅರ್ಧ ವರದಿ.

ಹೆಚ್ಚು ಆತಂಕದ ಸಂಗತಿ ಇನ್ನೊಂದಿದೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆಯಿಂದ ಜ್ವರ ಬಂದು ಹೋದವರಿಗೆ ಮುಂದೆ ಇನ್ನೊಂದು ಬಗೆ ತಗುಲಿದರೆ ರೋಗ ಉಲ್ಬಣಿಸುವ ಅಪಾಯ ಜಾಸ್ತಿ. ಅಂಥವರ ರಕ್ತದಲ್ಲಿ ಹಿಂದಿನ ಸೋಂಕಿನ ಐಜಿಜಿ ಪ್ರತಿಕಾಯಗಳು ಮೊದಲೇ ಇರುತ್ತವೆ. ಅವು ಎನ್‌ಎಸ್‌1ಗೆ ಅಂಟಿಕೊಂಡು ಅದನ್ನು ಮರೆಮಾಡಬಹುದು, ಆಗ ಕಾರ್ಡಿಗೆ ಅದು ಸಿಗುವುದಿಲ್ಲ. ಐಜಿಎಂ ಕೂಡ ಇವರಲ್ಲಿ ಕಡಿಮೆಯೇ ಇರಬಹುದು. ಹೆಚ್ಚು ಎಚ್ಚರ ಬೇಕಾದವರಲ್ಲೇ ಕಾರ್ಡ್ ಹೆಚ್ಚಾಗಿ ಸೋಲುತ್ತದೆ! ನೆಗೆಟಿವ್ ಚೀಟಿ ಕೈಗೆ ಬಂತೆಂದು ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗುವುದು ಅಪಾಯ ಎನ್ನುವುದು ಈ ಕಾರಣಕ್ಕೇ.

ಈ ಮಿತಿಗಳಿಂದಾಗಿಯೇ ರಾಷ್ಟ್ರೀಯ ಮಾರ್ಗಸೂಚಿ ರ‍್ಯಾಪಿಡ್ ಕಾರ್ಡನ್ನು ಖಚಿತ ಪುರಾವೆಯೆಂದು ಒಪ್ಪುವುದಿಲ್ಲ. ಮೊದಲ ಐದು ದಿನ ಎನ್‌ಎಸ್‌1 ಎಲಿಸಾ, ಆಮೇಲೆ ಐಜಿಎಂ ಎಲಿಸಾ ಎನ್ನುತ್ತದೆ ಅದು. ಗುರುತಿಸಿದ ಸರ್ಕಾರಿ ಆಸ್ಪತ್ರೆಗಳಿಗೆ ಐಜಿಎಂ ಕಿಟ್ ಕಳಿಸುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಎಲಿಸಾಕ್ಕೆ ಯಂತ್ರ ಬೇಕು, ತರಬೇತಿ ಪಡೆದವರು ಬೇಕು, ಹಲವು ಮಾದರಿಗಳನ್ನು ಒಟ್ಟುಗೂಡಿಸಿ ಮಾಡುವುದರಿಂದ ತಡವೂ ಆಗುತ್ತದೆ. ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಗೆ ಬಂದ ಮಗುವಿನ ಮುಂದೆ ವೈದ್ಯರಿಗೆ ಒದಗುವುದು ಕಾರ್ಡೇ. ಅದು ಪಾಸಿಟಿವ್ ತೋರಿಸಿದರೆ ದೊಡ್ಡ ನೆರವು. ನೆಗೆಟಿವ್ ಎಂದರೆ ಲಕ್ಷಣಗಳ ಮೇಲೆ ಕಣ್ಣಿಡುವ ಕೆಲಸ ಮುಗಿಯಿತೆಂದಲ್ಲ. ಮಲೆನಾಡಿನ ಮಂಗನ ಕಾಯಿಲೆಯಂಥ ಬೇರೆ ಜ್ವರವಿದ್ದರೆ ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಆಗಬೇಕು.

ಡೆಂಗಿ ವೈರಸ್ಸನ್ನೇ ಕೊಲ್ಲುವ ಔಷಧ ಬಳಕೆಯಲ್ಲಿಲ್ಲದಿದ್ದರೂ ಬೇಗ ಪತ್ತೆಯಾಗುವುದರಿಂದ ಪ್ರಯೋಜನ ಬಹಳ. ಡೆಂಗಿಯೆಂದು ಗೊತ್ತಾದರೆ ಆಸ್ಪಿರಿನ್, ಐಬುಪ್ರೊಫೇನ್ ದೂರವಿಟ್ಟು ಪ್ಯಾರಾಸಿಟಮಾಲ್ ಮಾತ್ರ ಕೊಡುತ್ತಾರೆ, ಏಕೆಂದರೆ ಮೊದಲೆರಡು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಪ್ಲೇಟ್‌ಲೆಟ್ ಜೊತೆಗೆ ರಕ್ತ ಗಟ್ಟಿಯಾಗುತ್ತಿದೆಯೇ ಎಂಬುದನ್ನೂ ಗಮನಿಸುತ್ತಾರೆ. ಗಂಡಾಂತರ ಎದುರಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದೊಳಗೆ. ಆಗ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಚಡಪಡಿಕೆ ಕಂಡರೆ ಕಾರ್ಡ್ ಏನೇ ಹೇಳಿರಲಿ, ಆಸ್ಪತ್ರೆಗೆ ಓಡಬೇಕು.