ಅಲೇ ಅಂದರೆ ಹೋಗು, ಆಲೇ ಅಂದರೆ ಬಂದರು

ಜುಲೈ ತಿಂಗಳಲ್ಲಿ ನಮ್ಮ ಮನೆಯ ಊಟದ ಹೊತ್ತನ್ನು ಫ್ರಾನ್ಸ್ ನಿರ್ಧರಿಸುತ್ತದೆ. ಟೂರ್ ದ ಫ್ರಾನ್ಸ್ ಸೈಕಲ್ ರೇಸಿನ ದಿನದ ಹಂತ ಅಲ್ಲಿ ಸಂಜೆ ಐದೂವರೆ ಸುಮಾರಿಗೆ ಮುಗಿಯುತ್ತದೆ. ಇಲ್ಲಿ ಇಂದಾಪುರದಲ್ಲಿ ಆಗ ರಾತ್ರಿ ಒಂಬತ್ತು. ಕೊನೆಯ ಮೂರು ಕಿಲೋಮೀಟರ್ ಇರುವಾಗ ಯಾರೂ ನನ್ನನ್ನು ಭಕ್ರಿ ತಿನ್ನಲು ಕರೆಯುವುದಿಲ್ಲ. ಕರೆದರೂ ಪ್ರಯೋಜನವಿಲ್ಲ ಎಂದು ಹೆಂಡತಿಗೆ ಗೊತ್ತಾಗಿ ನಾಲ್ಕು ವರ್ಷವಾಯಿತು.

ಪುಣೆ ಜಿಲ್ಲೆಯ ಈ ತಾಲ್ಲೂಕು ಕೇಂದ್ರಕ್ಕೆ ನಾವು ಬಂದದ್ದು ಅವಳ ಬ್ಯಾಂಕ್ ವರ್ಗಾವಣೆಯಿಂದ. ನನ್ನದು ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಕೆಲಸ, ತಿಂಗಳಿಗೆ ಎರಡು ಸಲ ಹಿಂಜೆವಾಡಿಗೆ ಹೋದರೆ ಸಾಕು. ಸುತ್ತ ಕಬ್ಬು, ದಾಳಿಂಬೆ. ಒಂದು ಕಡೆ ಉಜನಿ ಅಣೆಕಟ್ಟಿನ ಹಿನ್ನೀರು. ಅದೇ ಭೀಮೆಯ ನೀರು ಮುಂದೆ ನಮ್ಮ ಇಂಡಿ ತಾಲ್ಲೂಕಿನ ಅಂಚಿಗೆ ಬರುತ್ತದೆ. ಬೇಸಿಗೆಯಲ್ಲಿ ಉಜನಿಯ ಗೇಟು ತೆಗೆದರೋ ಇಲ್ಲವೋ ಎಂದು ಊರಿನಿಂದ ಫೋನು ಬರುವುದೂ ಉಂಟು, ಗೇಟಿನ ಕೀಲಿ ನನ್ನ ಹತ್ತಿರವೇ ಇದ್ದ ಹಾಗೆ!

ಇಲ್ಲಿ ಕ್ರಿಕೆಟ್ ನೋಡುವವರಿದ್ದಾರೆ, ಕುಸ್ತಿ ನೋಡುವವರಿದ್ದಾರೆ. ಸೈಕಲ್ ರೇಸ್ ನೋಡುವವನು ನಾನೊಬ್ಬನೇ. ಜೂನ್ ಕೊನೆಯ ವಾರ ಈ ವರ್ಷ ಅದು ಯಾವ ಚಾನೆಲ್ಲು, ಯಾವ ಆ್ಯಪ್ ಎಂದು ಹುಡುಕುವುದೇ ಒಂದು ಕೆಲಸ. ನಮ್ಮ ಮನೆ ಮಾಲೀಕರು ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಮೊದಲ ವರ್ಷ ಪಕ್ಕದಲ್ಲಿ ಕೂತು ಅರ್ಧ ಗಂಟೆ ನೋಡಿ ಅವರು ಕೇಳಿದ್ದು: 'ಮುಂದೆ ಇರುವವನು ಗೆಲ್ಲುವುದಿಲ್ಲ ಅನ್ನುತ್ತೀರಿ. ಹಾಗಾದರೆ ಅವನು ಮುಂದೆ ಹೋದದ್ದು ಯಾಕೆ?'

ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಆಟದಲ್ಲಿ ಇಲ್ಲ. ಸೈಕಲ್ ಸವಾರನ ಶತ್ರು ಎದುರಾಳಿಯಲ್ಲ, ಗಾಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುವಾಗ ಅವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲಿಕ್ಕೇ ಹೋಗುತ್ತದೆ. ಇನ್ನೊಬ್ಬನ ಹಿಂದಿನ ಗಾಲಿಗೆ ಅಂಟಿಕೊಂಡು ಹೋದರೆ ಮೂರನೇ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ದೊಡ್ಡ ಗುಂಪಿನ ನಡುವೆ ಇನ್ನೂ ಹೆಚ್ಚು. ಆದ್ದರಿಂದ ನೂರೈವತ್ತು ಜನರ ಗುಂಪು, ಅಂದರೆ ಪೆಲೊಟಾನ್, ಒಬ್ಬಂಟಿಯನ್ನು ಬೇಕೆಂದಾಗ ಹಿಡಿಯುತ್ತದೆ. ಆದರೂ ದಿನವೂ ನಾಲ್ಕೈದು ಜನ ತಪ್ಪಿಸಿಕೊಂಡು ಮುಂದೆ ಓಡುತ್ತಾರೆ. ಪ್ರಾಯೋಜಕರ ಹೆಸರು ಟಿವಿಯಲ್ಲಿ ಮೂರು ಗಂಟೆ ಕಾಣುತ್ತದೆ, ಅದೊಂದು ಕಾರಣ. ಎಂದಾದರೂ ಒಮ್ಮೆ ಹಿಂದಿನವರ ಲೆಕ್ಕ ತಪ್ಪುತ್ತದೆ, ಅದು ಇನ್ನೊಂದು.

ಕಾಕಾ ಇದನ್ನು ಬೇಗ ಹಿಡಿದರು. ಇಂದಾಪುರದವರಿಗೆ ರಸ್ತೆ ಬದಿ ನಿಂತು ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ತುಕಾರಾಮ ಮಹಾರಾಜರ ಪಾಲಖಿ ದೇಹುವಿನಿಂದ ಪಂಢರಪುರಕ್ಕೆ ಹೋಗುವಾಗ ಬಾರಾಮತಿ ದಾಟಿ ನಮ್ಮೂರಿನಲ್ಲಿ ತಂಗುತ್ತದೆ. ಪ್ರತಿ ದಿಂಡಿಗೂ ರಥದ ಮುಂದೆಯೋ ಹಿಂದೆಯೋ ಗೊತ್ತಾದ ಜಾಗ, ಗೊತ್ತಾದ ನಂಬರು. ಅವರ ಪಾತ್ರೆ, ಡೇರೆ ಹೊತ್ತ ಲಾರಿ ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿರುತ್ತದೆ. ಸೈಕಲ್ ತಂಡಗಳ ಬಸ್ಸು, ಅಡುಗೆ ಲಾರಿ ಮಾಡುವುದೂ ಅದನ್ನೇ. ಈ ವರ್ಷ ಆಷಾಢ ಏಕಾದಶಿ ಜುಲೈ 25ಕ್ಕೆ, ಟೂರ್ ಮುಗಿಯುವುದು 26ಕ್ಕೆ. ಕಾಕಾಗೆ ಈಗಲೇ ಚಿಂತೆ ಶುರುವಾಗಿದೆ.

ನನಗೆ ಇದರ ಗೀಳು ಹತ್ತಿದ್ದು ಇಂಗ್ಲೆಂಡಿನಲ್ಲಿ. ಎಂ.ಟೆಕ್ ಮುಗಿಸಿ ಸೇರಿದ ಕಂಪನಿ 2014ರಲ್ಲಿ ಲೀಡ್ಸ್‌ಗೆ ಕಳಿಸಿತ್ತು. ಆ ವರ್ಷದ ಟೂರ್ ಶುರುವಾದದ್ದು ಫ್ರಾನ್ಸಿನಲ್ಲಲ್ಲ, ಅದೇ ಲೀಡ್ಸ್‌ನಲ್ಲಿ, ಜುಲೈ 5ರಂದು. ಯಾರ್ಕ್‌ಷೈರ್‌ನ ಹಳ್ಳಿಗಳಲ್ಲಿ ಹಳೆಯ ಸೈಕಲ್ಲುಗಳಿಗೆ ಹಳದಿ ಬಣ್ಣ ಬಳಿದು ಗೋಡೆಗೆ ನೇತುಹಾಕಿದ್ದರು. ಸಹೋದ್ಯೋಗಿಯೊಬ್ಬ ನನ್ನನ್ನು ಇಲ್ಕ್ಲಿ ಎಂಬ ಊರಿಗೆ ಕರೆದೊಯ್ದ. ನಾಲ್ಕು ಗಂಟೆ ಕಾದೆವು. ಒಂದು ಬಣ್ಣದ ಗಾಳಿ ಹಾದುಹೋಯಿತು. ಸಂಜೆ ಹ್ಯಾರೊಗೇಟ್‌ನಲ್ಲಿ ಗೆಲ್ಲಬೇಕಿದ್ದ ಮಾರ್ಕ್ ಕ್ಯಾವೆಂಡಿಶ್, ತನ್ನ ತಾಯಿಯ ಊರಿನಲ್ಲೇ, ಗೆರೆಗೆ ಸ್ವಲ್ಪ ಮುಂಚೆ ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡ. ಸಹೋದ್ಯೋಗಿ ಮನೆಯವರೇ ಬಿದ್ದ ಹಾಗೆ ತಲೆ ಮೇಲೆ ಕೈ ಹೊತ್ತು ಕೂತ.

ಅವನು ಹೇಳಿದ ಒಂದು ಕಥೆ ಮಾತ್ರ ನನಗೆ ರೇಸಿಗಿಂತ ಹೆಚ್ಚು ನೆನಪಿದೆ. ಬ್ರಿಟನ್ನಿನಲ್ಲಿ ರಸ್ತೆಯ ಮೇಲೆ ಗುಂಪಾಗಿ ಸೈಕಲ್ ರೇಸ್ ಮಾಡುವುದನ್ನು ಅಲ್ಲಿಯ ಸೈಕಲ್ ಒಕ್ಕೂಟವೇ ನಿಷೇಧಿಸಿತ್ತು. ಪೊಲೀಸರ ಕಣ್ಣಿಗೆ ಬಿದ್ದು ಸೈಕಲ್ಲಿಗೇ ಕುತ್ತು ಬಂದೀತೆಂಬ ಭಯ. ಅಲ್ಲಿಯವರು ಮಾಡುತ್ತಿದ್ದುದು ಟೈಮ್ ಟ್ರಯಲ್: ಬೆಳಗಿನ ಜಾವ, ಕಪ್ಪು ಬಟ್ಟೆ ಹಾಕಿ, ರಸ್ತೆಯ ಹೆಸರನ್ನೂ ಗುಪ್ತ ಸಂಕೇತದಲ್ಲಿ ಬರೆದು, ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ಓಡುವುದು. 1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬ ಹಟಮಾರಿ, ಯುದ್ಧದ ನಡುವೆ, ವೇಲ್ಸ್‌ನ ಲಾಂಗಾಲೆನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ರೇಸ್ ನಡೆಸಿಯೇಬಿಟ್ಟ. ಒಕ್ಕೂಟ ಅವನನ್ನು ಹೊರಹಾಕಿತು. ಟೂರನ್ನು ಮುಗಿಸಿದ ಮೊದಲ ಬ್ರಿಟಿಷ್ ಸವಾರ ಬ್ರಯನ್ ರಾಬಿನ್‌ಸನ್, 1955ರಲ್ಲಿ, 29ನೆಯವನಾಗಿ. ಟಾಮ್ ಸಿಂಪ್ಸನ್ 1962ರಲ್ಲಿ ಹಳದಿ ಅಂಗಿ ತೊಟ್ಟ, 1967ರಲ್ಲಿ ಮಾಂಟ್ ವೆಂಟು ಬೆಟ್ಟ ಹತ್ತುತ್ತಾ ಸತ್ತ. ಗೆದ್ದದ್ದು 2012ರಲ್ಲಿ, ಬ್ರಾಡ್ಲಿ ವಿಗ್ಗಿನ್ಸ್. ಸ್ಟಾಲರ್ಡ್‌ನ ರೇಸಿನಿಂದ ಅಲ್ಲಿಗೆ ಎಪ್ಪತ್ತು ವರ್ಷ. ಇಷ್ಟೂ ಕಾಲ ಅಲ್ಲಿಯ ಅಭಿಮಾನಿಗಳು ಬೇರೆಯವರ ರಸ್ತೆ, ಬೇರೆಯವರ ಭಾಷೆ, ಬೇರೆಯವರ ಹೆಸರುಗಳನ್ನೇ ಹಿಂಬಾಲಿಸಿದರು.

ಕ್ಯಾವೆಂಡಿಶ್ ಬಿಡಲಿಲ್ಲ. 2024ರಲ್ಲಿ ಅವನಿಗೆ 39 ವರ್ಷ. ಮೊದಲ ದಿನವೇ ಇಟಲಿಯ ಬಿಸಿಲಿನಲ್ಲಿ ವಾಂತಿ ಮಾಡಿಕೊಂಡು ಹಿಂದೆ ಬಿದ್ದ. ಗೆದ್ದವನು ಮುಟ್ಟಿದ ಮೇಲೆ ಇಂತಿಷ್ಟು ನಿಮಿಷದೊಳಗೆ ಬರದಿದ್ದರೆ ಮರುದಿನ ಆಟವಿಲ್ಲ. ತಂಡದ ಗೆಳೆಯರು ಅವನನ್ನು ಎಳೆದುಕೊಂಡು ಗಡುವಿನೊಳಗೆ ತಲುಪಿಸಿದರು. ನಾಲ್ಕು ದಿನಗಳ ನಂತರ, ಜುಲೈ 3ರಂದು, ಸೇಂಟ್ ವುಲ್ಬಾದಲ್ಲಿ ಅವನು ತನ್ನ 35ನೆಯ ಹಂತ ಗೆದ್ದು ಎಡ್ಡಿ ಮರ್ಕ್ಸ್‌ನ 34ರ ದಾಖಲೆ ಮುರಿದ. ನಾನು ಕೂಗಿದ ಕೂಗಿಗೆ ಕಾಕಾ ಕೆಳಗಿನಿಂದ ಓಡಿ ಬಂದರು, ಹಾವು ಬಂತೇನೋ ಎಂದು.

ಅದೇ ನಿಮಿಷಕ್ಕೆ ಸೊಲ್ಲಾಪುರದಿಂದ ಫೋನು. ಅವನು ನನ್ನ ಊರಿನ ದೋಸ್ತ, ರೈಲ್ವೆ ನೌಕರ. ಈ ಲೇಖನ ಬರೆಯಲು ನಿಜವಾದ ಕಾರಣ ಅವನೇ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ಶರ್ಯತ್ತು ಹೊಸದಲ್ಲ. ನಮ್ಮ ಊರ ಜಾತ್ರೆಯಲ್ಲಿ ಬಂಡಿ ಶರ್ಯತ್ತಿನ ಮರುದಿನ ಸೈಕಲ್ಲಿನದು. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಬಿಚ್ಚಿ ಹಗುರ ಮಾಡಿದ ಹೀರೊ, ಅಟ್ಲಾಸ್ ಸೈಕಲ್ಲುಗಳು. ಮೊದಲ ಬಹುಮಾನ ತಾಮ್ರದ ಕೊಡ. ಸತತ ಮೂರು ವರ್ಷ ಕೊಡ ಒಯ್ದ ದೋಸ್ತನನ್ನು ವಿಜಯಪುರದ ಸರ್ಕಾರಿ ಸೈಕ್ಲಿಂಗ್ ಹಾಸ್ಟೆಲ್ಲಿಗೆ ಆಯ್ಕೆ ಮಾಡಿದರು. ಊಟ, ಶಾಲೆ, ತರಬೇತಿ ಎಲ್ಲ ಉಚಿತ. ರಾಷ್ಟ್ರಮಟ್ಟದ ಪದಕವೂ ಬಂತು. ಪದಕದಿಂದ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ. ಇಪ್ಪತ್ತಾರಕ್ಕೆ ಸೈಕಲ್ ಗೋಡೆಗೆ ಒರಗಿತು. ನಮ್ಮ ಕಡೆ ರೇಸಿಗೆ ಗೆಲುವಿನ ಗೆರೆ ಎಂದರೆ ನೇಮಕಾತಿ ಪತ್ರ. ಬಡ ಒಕ್ಕಲುತನದ ಮನೆಗಳಿಗೆ ಅದು ಸಣ್ಣ ಗೆಲುವೂ ಅಲ್ಲ. ಹಾಸ್ಟೆಲ್ಲಿನಿಂದ ಹೊರಬಂದವರು ಯೂರೋಪಿಗೆ ಯಾಕೆ ಹೋಗಲಿಲ್ಲ ಎಂದು ಕೇಳುವವರು ಆ ಪತ್ರ ಬಂದ ದಿನ ಆ ಮನೆಯಲ್ಲಿ ಇದ್ದವರಲ್ಲ.

ಹೋದವರೂ ಇದ್ದಾರೆ. ಬೆಂಗಳೂರಿನ ನವೀನ್ ಜಾನ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ ರೇಸಿಂಗ್ ಹಿಡಿದವರು. ಟೈಮ್ ಟ್ರಯಲ್‌ನಲ್ಲಿ ಹಲವು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಪರ್ಧಿಸಿದರು. ಬೆಲ್ಜಿಯಂಗೆ ಹೋಗಿ ಅಲ್ಲಿಯ 'ಕರ್ಮೆಸ್' ರೇಸುಗಳಲ್ಲಿ ಓಡಿದರು. ಕರ್ಮೆಸ್ ಎಂದರೆ ಊರ ಜಾತ್ರೆ. ಜಾತ್ರೆಯ ದಿನ ಊರು ಸುತ್ತುವ ಗುಂಪು ರೇಸು. ಬೇಸಿಗೆಯಲ್ಲಿ ಅಲ್ಲಿ ಹೆಚ್ಚುಕಡಿಮೆ ದಿನವೂ ಎಲ್ಲೋ ಒಂದು ಕಡೆ ಇರುತ್ತದೆ. ಇದನ್ನು ಕೇಳಿದಾಗ ದೋಸ್ತ ಬಹಳ ಹೊತ್ತು ಸುಮ್ಮನಿದ್ದು, 'ಅಂದ್ರ ನಮ್ಮ ಶರ್ಯತ್ತ ಇದ್ದಂಗ. ನಮ್ದು ವರ್ಷಕ್ಕೊಮ್ಮೆ, ಅವರ್ದು ದಿನಾ. ಅಷ್ಟ ಫರಕ' ಎಂದ.

ಆ ಫರಕು ಎಷ್ಟು ದೊಡ್ಡದು ಎಂದು ಕಣ್ಣಾರೆ ಕಂಡದ್ದು ಈ ಜನವರಿಯಲ್ಲಿ. ಪುಣೆ ಗ್ರ್ಯಾಂಡ್ ಟೂರ್ ಎಂಬ ಅಂತರರಾಷ್ಟ್ರೀಯ ರೇಸು ಜನವರಿ 19ರಿಂದ 23ರವರೆಗೆ ಜಿಲ್ಲೆಯ ರಸ್ತೆಗಳಲ್ಲಿ ನಡೆಯಿತು. ಐದು ದಿನ, 437 ಕಿ.ಮೀ. ವಿಶ್ವ ಸೈಕ್ಲಿಂಗ್ ಒಕ್ಕೂಟದ ಲೆಕ್ಕದಲ್ಲಿ ಇದು ಕೆಳಗಿನ ದರ್ಜೆಯದು, ಇರಲಿ. ಒಂದು ಹಂತ ಮುಗಿದದ್ದು ಪಕ್ಕದ ಬಾರಾಮತಿಯಲ್ಲಿ. ದೋಸ್ತ ರಜೆ ಹಾಕಿ ಬಂದ. ಕಾಕಾ ಟೋಪಿ ಇಟ್ಟುಕೊಂಡು ಬಂದರು. ಕಬ್ಬಿನ ಟ್ರ್ಯಾಕ್ಟರುಗಳನ್ನು ಒಳರಸ್ತೆಯಲ್ಲಿ ತಡೆದು ನಿಲ್ಲಿಸಿದ್ದರು. ಹೊಸ ಡಾಂಬರು ನೋಡಿದ ಒಬ್ಬ ರೈತ, ಇವರು ವರ್ಷಕ್ಕೆರಡು ಸಲ ಬಂದರೂ ಅಡ್ಡಿಯಿಲ್ಲ ಎಂದು ಹೇಳಿ ಸುತ್ತಲಿನವರನ್ನು ನಗಿಸಿದ.

ಫ್ರಾನ್ಸಿನ ರಸ್ತೆ ಬದಿಯಲ್ಲಿ ಜನ 'ಅಲೇ! ಅಲೇ!' ಎಂದು ಕೂಗುತ್ತಾರೆ. ನಡಿ, ಹೋಗು ಎಂದು. ಹನ್ನೆರಡು ವರ್ಷದಿಂದ ಪರದೆಯಲ್ಲಿ ಅದನ್ನು ಕೇಳಿದವನು ನಾನು. ಮೋಟಾರ್‌ಸೈಕಲ್ಲುಗಳು ತಿರುವಿನಲ್ಲಿ ಕಂಡದ್ದೇ ತಡ ಇಲ್ಲಿಯ ಶಾಲಾ ಮಕ್ಕಳು 'ಆಲೇ! ಆಲೇ!' ಎಂದು ಕಿರುಚಿದರು. ಮರಾಠಿಯಲ್ಲಿ, ಬಂದರು ಎಂದು. ನನಗೆ ಒಂದು ಕ್ಷಣ ಯಾವ ದೇಶದಲ್ಲಿದ್ದೇನೆ ಎಂಬುದೇ ತಿಳಿಯಲಿಲ್ಲ.

ಗುಂಪು ಹದಿನೈದು ಸೆಕೆಂಡಿನಲ್ಲಿ ಹೋಯಿತು. ಇಷ್ಟೇನಾ ಎಂಬಂತೆ ಕಾಕಾ ನನ್ನ ಮುಖ ನೋಡಿದರು. ಐದು ದಿನದ ಕೊನೆಗೆ ಗೆದ್ದವನು ನ್ಯೂಜಿಲೆಂಡಿನ ಲ್ಯೂಕ್ ಮಡ್ಜ್‌ವೇ. ಆದರೆ ದೋಸ್ತ ಗುಂಪನ್ನು ನೋಡುತ್ತಿರಲಿಲ್ಲ. ಅದರ ಹಿಂದೆ ಇಬ್ಬರು ಮೂವರಾಗಿ ಚದುರಿ ಬರುತ್ತಿದ್ದ ನಮ್ಮ ಹುಡುಗರನ್ನು ನೋಡುತ್ತಿದ್ದ. 'ಕಾಲು ನೋಡ ಲೇ ಅವಂದು. ದಮ್ಮು ಐತಿ ಇನ್ನೂ. ಗುಂಪಿನ್ಯಾಗ ಜಾಗಾ ಹಿಡಿಯೂದು ಗೊತ್ತಿಲ್ಲ. ತಿರುವಿನ್ಯಾಗ ಹತ್ತು ಮೀಟರ್ ಹಿಂದ ಬಿದ್ದಿರ್ತಾನ, ಅದನ್ನ ಮುಚ್ಚೂದರಾಗ ಎಲ್ಲಾ ಖರ್ಚ.' ಹಳೆಯ ಬ್ರಿಟನ್ನಿನ ರೋಗವೇ ಇದು. ಒಬ್ಬನೇ ಓಡುವಾಗ ಹುಲಿ, ನೂರೈವತ್ತು ಜನರ ನಡುವೆ ಮೊಣಕೈ ತಗುಲಿದರೆ ಬ್ರೇಕಿಗೆ ಕೈ.

ಕೊನೆಯವನಿಗಾಗಿ ನಾವು ಮೂವರೂ ನಿಂತೆವು. ಜನ ಆಗಲೇ ಚದುರಿದ್ದರು. ಅವನು ಒಬ್ಬನೇ ಬಂದ, ಹಿಂದೆ ಒಂದು ವಾಹನ. ದೋಸ್ತ ಜಾತ್ರೆಯ ದನಿಯಲ್ಲಿ 'ಹೊಡೀ! ಹೊಡೀ!' ಎಂದು ಕೂಗುತ್ತ ಅವನ ಪಕ್ಕ ಇಪ್ಪತ್ತು ಹೆಜ್ಜೆ ಓಡಿದ. ಹುಡುಗನಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ, ಸೀಟಿನಿಂದ ಎದ್ದು ನಿಂತು ತುಳಿದ.

ದೌಂಡ್ ಸ್ಟೇಷನ್ನಿಗೆ ಬಿಡಲು ಹೋಗುವಾಗ ದೋಸ್ತ ತನ್ನ ಮಗನ ವಿಷಯ ತೆಗೆದ. ಹದಿಮೂರು ವರ್ಷ, ಸೈಕಲ್ ಹುಚ್ಚು. ಮೊದಲು ಓದು ಎಂದು ಇಲ್ಲಿಯವರೆಗೆ ಹಾಸ್ಟೆಲ್ಲಿನ ಆಯ್ಕೆಗೆ ಕಳಿಸಿರಲಿಲ್ಲ. 'ಹದಿನೆಂಟು ತುಂಬಿದ ಮ್ಯಾಲೆ ಒಂದು ಬ್ಯಾಸಗಿ ಆ ಬೆಲ್ಜಿಯಂದಾಗ ಇರಬೇಕಂದ್ರ ಎಷ್ಟಾಕ್ಕೈತಿ?' ಎಂದ. ಅಂದು ರಾತ್ರಿ ಎಕ್ಸೆಲ್ ಶೀಟ್ ತೆರೆದು ಕೂತೆ. ಟಿಕೆಟ್, ವೀಸಾ, ಬಾಡಿಗೆ ಕೋಣೆ, ಊಟದ ಸಾಲುಗಳು ತುಂಬಿವೆ. ಸೈಕಲ್ಲಿನ ಸಾಲು ಮಾತ್ರ ಖಾಲಿ ಇದೆ. ಅದನ್ನು ತಾನೇ ಹಾಕುತ್ತೇನೆ ಎಂದಿದ್ದಾನೆ ದೋಸ್ತ.