ಅರಿವಳಿಕೆಯ ನಿದ್ದೆಯಲ್ಲಿ ರಕ್ತ ಸಂಚಾರ

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಎಂದಾಗ ಸರ್ಜನ್ ಯಾರು ಎಂದು ಎಲ್ಲರೂ ವಿಚಾರಿಸುತ್ತಾರೆ. ಅರಿವಳಿಕೆ ಕೊಡುವ ವೈದ್ಯರು ಯಾರು ಎಂದು ಕೇಳುವವರು ಕಡಿಮೆ. ಆದರೆ ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ರೋಗಿಯ ಉಸಿರನ್ನೂ ರಕ್ತ ಸಂಚಾರವನ್ನೂ ಕಾಯುವವರು ಅವರೇ.

ನಾವು ಎಚ್ಚರವಾಗಿರುವಾಗ ನರಮಂಡಲವು ರಕ್ತನಾಳಗಳನ್ನು ಸದಾ ತುಸು ಬಿಗಿಯಾಗಿ ಹಿಡಿದಿರುತ್ತದೆ. ರಕ್ತದೊತ್ತಡ ಇಳಿದರೆ ನಾಳಗಳು ಇನ್ನಷ್ಟು ಬಿಗಿಯುತ್ತವೆ, ಹೃದಯ ವೇಗವಾಗಿ ಬಡಿಯುತ್ತದೆ. ಪೂರ್ಣ ಅರಿವಳಿಕೆಯ ಔಷಧಗಳು ಈ ಹಿಡಿತವನ್ನು ಸಡಿಲಿಸುತ್ತವೆ. ಪ್ರೊಪೊಫಾಲ್ ಚುಚ್ಚುಮದ್ದು ಕೊಟ್ಟ ಕೆಲವೇ ನಿಮಿಷಗಳಲ್ಲಿ ನಾಳಗಳು ಹಿಗ್ಗಿ ರಕ್ತದೊತ್ತಡ ಇಳಿಯುವುದು ಸಾಮಾನ್ಯ. ಉಸಿರಿನ ಮೂಲಕ ಕೊಡುವ ಅರಿವಳಿಕೆಗಳಿಂದಲೂ ಹೀಗಾಗುತ್ತದೆ. ವೆಂಟಿಲೇಟರ್ ಎದೆಯೊಳಗೆ ಗಾಳಿ ಒತ್ತುವುದರಿಂದ ಹೃದಯಕ್ಕೆ ಮರಳುವ ರಕ್ತವೂ ಸ್ವಲ್ಪ ಕಡಿಮೆಯಾಗುತ್ತದೆ.

ಇದಕ್ಕೆ ಹೆದರಬೇಕಾಗಿಲ್ಲ. ಕನಿಷ್ಠ 5 ನಿಮಿಷಕ್ಕೊಮ್ಮೆ ರಕ್ತದೊತ್ತಡ ಅಳೆಯುತ್ತಾರೆ. ಇಸಿಜಿ ಮತ್ತು ಆಮ್ಲಜನಕದ ಪ್ರಮಾಣವನ್ನು ನಿರಂತರ ಗಮನಿಸುತ್ತಾರೆ. ಒತ್ತಡ ಇಳಿದರೆ ಅರಿವಳಿಕೆಯ ಪ್ರಮಾಣ ತಗ್ಗಿಸುತ್ತಾರೆ, ಡ್ರಿಪ್ ಅಥವಾ ನಾಳಗಳನ್ನು ಬಿಗಿಗೊಳಿಸುವ ಔಷಧ ಕೊಡುತ್ತಾರೆ. ಒತ್ತಡ ಬಹಳ ಹೊತ್ತು ತೀರಾ ಕೆಳಗಿದ್ದರೆ ಮೂತ್ರಪಿಂಡ, ಹೃದಯ ಮತ್ತು ಮಿದುಳಿಗೆ ಅಪಾಯ.

ಇಲ್ಲಿ ಮನೆಯವರ ಪಾಲೂ ಇದೆ. ರೋಗಿ ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ವೈದ್ಯರಿಗೆ ತೋರಿಸಿ. ಎಲ್ಲ ಬಿ.ಪಿ. ಮಾತ್ರೆಗಳೂ ಒಂದೇ ಅಲ್ಲ. ದಿನವೂ ಅಟೆನೊಲಾಲ್, ಮೆಟೊಪ್ರೊಲಾಲ್ ಸೇವಿಸುವವರು ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವುಗಳನ್ನು ಹಿಂದಿನ ದಿನವೇ ನಿಲ್ಲಿಸಲು ವೈದ್ಯರು ಹಲವು ಬಾರಿ ಹೇಳುತ್ತಾರೆ, ಏಕೆಂದರೆ ಅರಿವಳಿಕೆಯೊಂದಿಗೆ ಸೇರಿ ಅವು ಒತ್ತಡವನ್ನು ಇನ್ನಷ್ಟು ಇಳಿಸಬಲ್ಲವು. ಯಾವುದನ್ನೂ ನೀವಾಗಿಯೇ ನಿರ್ಧರಿಸಬೇಡಿ. ವಾಂತಿ, ಭೇದಿ, ಎದೆನೋವು, ಮೆಟ್ಟಿಲೇರಿದರೆ ಏದುಸಿರು ಇದ್ದರೆ ಮರೆಮಾಡಬೇಡಿ.

ಶಸ್ತ್ರಚಿಕಿತ್ಸೆಯ ಮುನ್ನ ಖಾಲಿ ಹೊಟ್ಟೆಯಲ್ಲಿರುವುದು ರೋಝಾ ಇದ್ದಂತಲ್ಲ. ಸಾಮಾನ್ಯವಾಗಿ 6 ಗಂಟೆ ಮೊದಲೇ ಆಹಾರ ನಿಲ್ಲಿಸಿದರೂ, ಬರಿಯ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಲು ಬಿಡುವುದುಂಟು. ದೇಹದಲ್ಲಿ ನೀರು ಕಡಿಮೆಯಾದಷ್ಟೂ ಒತ್ತಡ ಬೇಗ ಕುಸಿಯುತ್ತದೆ. ನಿಮ್ಮ ರೋಗಿಗೆ ಎಷ್ಟು ಹೊತ್ತು ಎಂದು ಕೇಳಿ ತಿಳಿದುಕೊಳ್ಳಿ.

ಎಚ್ಚರವಾದ ಮೇಲೆ ನಡುಕ, ತಲೆಸುತ್ತು ಕಾಣಿಸಬಹುದು. ಬೆಚ್ಚಗೆ ಹೊದಿಸಿ, ವೈದ್ಯರು ಅನುಮತಿಸಿದಾಗ ಮೊದಲು ಹಾಸಿಗೆಯ ಅಂಚಿನಲ್ಲಿ ಕೂರಿಸಿ, ನಂತರ ಕೈಹಿಡಿದು ನಡೆಸಿ. ಬೇಗ ನಡೆದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ.