ಧಾರವಾಡದ ಮುಸುವಗಳು ಮತ್ತು ಮನುಷ್ಯ ಸ್ವಭಾವದ ಪ್ರಶ್ನೆ

ಮನುಷ್ಯನ ನಡತೆಯಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಕಲಿಕೆಯಿಂದ ಬಂದದ್ದೆಷ್ಟು ಎಂಬ ಚರ್ಚೆ ಬಹು ಹಳೆಯದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಚರ್ಚೆಯನ್ನು ಕೆರಳಿಸಿದ ಸಂಗತಿಗಳಲ್ಲೊಂದು ಧಾರವಾಡದ ಪರಿಸರದಲ್ಲಿ ನಡೆದದ್ದು. ಪ್ರಾಣಿವರ್ತನೆಯ ವಿದ್ಯಾರ್ಥಿಗಳು ಧಾರವಾಡದ ಹೆಸರನ್ನು ಇಂದಿಗೂ ಓದುವುದು ಸಂಗೀತಕ್ಕಾಗಿಯೂ ಅಲ್ಲ, ಸಾಹಿತ್ಯಕ್ಕಾಗಿಯೂ ಅಲ್ಲ, ಅಲ್ಲಿನ ಮುಸುವಗಳಿಗಾಗಿ.

ಜಪಾನಿನ ಯುಕಿಮಾರು ಸುಗಿಯಾಮ 1961ರಿಂದ ಧಾರವಾಡದ ಸುತ್ತಲಿನ ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿ ದಾಖಲೆಗಳನ್ನು ಮಾಡತೊಡಗಿದರು. ಹನುಮಂತನ ಕುಲವೆಂದು ಜನ ಆದರಿಸುವುದರಿಂದ ಈ ಪ್ರಾಣಿಗಳು ಮನುಷ್ಯನಿಗೆ ಹೆಚ್ಚು ಹೆದರುವುದಿಲ್ಲ. ಭಕ್ತಿ ಹೀಗೆ ವಿಜ್ಞಾನಕ್ಕೂ ಉಪಕಾರ ಮಾಡಿತೆನ್ನಬೇಕು. ಅಲ್ಲಿ ಸಾಮಾನ್ಯವಾಗಿ ಒಂದು ಹಿಂಡಿನಲ್ಲಿ ಒಬ್ಬ ಬೆಳೆದ ಗಂಡು, ಹಲವು ಹೆಣ್ಣುಗಳು, ಅವುಗಳ ಮರಿಗಳು ಇರುತ್ತವೆ. ಉಳಿದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಹೊರಗೆ ಅಲೆಯುತ್ತವೆ. 1962ರಲ್ಲಿ ಇಂಥದೊಂದು ಗಂಡುಗುಂಪು ಒಂದು ಹಿಂಡಿನ ಮೇಲೆ ಎರಗಿ ಹಳೆಯ ಯಜಮಾನನನ್ನು ಓಡಿಸಿತು. ಗೆದ್ದವುಗಳಲ್ಲಿ ಒಂದು ಗಂಡು ತನ್ನ ಜೊತೆಗಾರರನ್ನೂ ಅಟ್ಟಿ ಹಿಂಡನ್ನು ವಶಪಡಿಸಿಕೊಂಡಿತು. ಅನಂತರ ನಡೆದದ್ದು ಸುಗಿಯಾಮ ಅವರೂ ನಿರೀಕ್ಷಿಸದ ಸಂಗತಿ. ಹಿಂಡಿನ ಎಳೆಯ ಮರಿಗಳು ಒಂದೊಂದಾಗಿ ಹೊಸ ಯಜಮಾನನ ಕಡಿತಕ್ಕೆ ಬಲಿಯಾದವು. ಮರಿ ಕಳೆದುಕೊಂಡ ತಾಯಂದಿರು ಕೆಲವೇ ದಿನಗಳಲ್ಲಿ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು. ಮತ್ತೊಂದು ಹಿಂಡಿನಿಂದ ಯಜಮಾನನನ್ನು ಪ್ರಯೋಗಾರ್ಥವಾಗಿ ತೆಗೆದಾಗಲೂ ಬಂದ ಹೊಸ ಗಂಡು ಮರಿಗಳ ಮೇಲೆ ಎರಗಿತು. ಈ ವರದಿ 1965ರಲ್ಲಿ ಪ್ರಕಟವಾಯಿತು.

ವಿದ್ವಾಂಸರಿಗೆ ಇದು ನುಂಗಲಾರದ ತುತ್ತಾಯಿತು. ಅದಕ್ಕೆ ಕೆಲವೇ ವರ್ಷ ಮೊದಲು ಫಿಲಿಸ್ ಜೇ ಉತ್ತರ ಹಾಗೂ ಮಧ್ಯ ಭಾರತದ ಮುಸುವಗಳನ್ನು ಶಾಂತಜೀವಿಗಳೆಂದು ಚಿತ್ರಿಸಿದ್ದರು. ಆದ್ದರಿಂದ ಧಾರವಾಡದ ಘಟನೆ ಒಂದು ವಿಕೃತಿ, ಜನಸಂದಣಿ ಕದಡಿದ ನೆಲೆಯಲ್ಲಿ ಹುಟ್ಟಿದ ಸಾಮಾಜಿಕ ರೋಗ ಎಂಬ ವಾದ ಬಂದಿತು. ಈ ಸಂದಣಿಯ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಮೆರಿಕದ ಸಾರಾ ಬ್ಲಾಫರ್ ಹರ್ಡಿ 1971ರಲ್ಲಿ ರಾಜಸ್ಥಾನದ ಅಬು ಪರ್ವತಕ್ಕೆ ಬಂದರು. ಅಲ್ಲಿ ಕಂಡದ್ದು ಅವರ ಅಭಿಪ್ರಾಯವನ್ನೇ ಬದಲಿಸಿತು. ಅವರ ವಿವರಣೆ 1977ರ ಗ್ರಂಥದಲ್ಲಿದೆ. ಹಾಲೂಡಿಸುತ್ತಿರುವ ತಾಯಿ ಬೇಗ ಗರ್ಭ ಧರಿಸುವುದಿಲ್ಲ. ಮುಸುವದ ಗರ್ಭಾವಧಿ ಸುಮಾರು 200 ದಿನ. ಹಿಂಡಿನ ಒಡೆತನವಾದರೋ ಹೆಚ್ಚು ಕಾಲ ನಿಲ್ಲುವಂಥದಲ್ಲ. ಅನ್ಯರ ಮರಿ ಹಾಲು ಬಿಡುವವರೆಗೆ ಕಾದು ಕುಳಿತ ಗಂಡು, ತನ್ನ ಮರಿ ಹುಟ್ಟಿ ಬಲಿಯುವ ಮೊದಲೇ ಪದಚ್ಯುತವಾಗಬಹುದು. ಕಾಯದ ಗಂಡಿನ ಸಂತತಿ ಉಳಿಯುವ ಸಂಭವ ಹೆಚ್ಚು. ಮುಸುವ ಈ ಲೆಕ್ಕವನ್ನು ಮನಸ್ಸಿನಲ್ಲಿ ಹಾಕುತ್ತದೆಂದು ಇದರ ಅರ್ಥವಲ್ಲ. ಅಂಥ ಪ್ರವೃತ್ತಿಯುಳ್ಳ ಗಂಡುಗಳ ಸಂತತಿ ತಲೆಮಾರುಗಳಲ್ಲಿ ಹೆಚ್ಚಿತು ಎಂದಷ್ಟೇ ಅರ್ಥ. ಜೀವವಿಜ್ಞಾನದ ಬಗ್ಗೆ ಬರೆಯುವವರೇ ಹಲವೊಮ್ಮೆ ಈ ಭೇದವನ್ನು ಮರೆಯುತ್ತಾರೆ.

ವಾದ ಎರಡು ದಶಕಗಳ ಕಾಲ ಎಳೆದಾಡಿತು. ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಂದಾಗ ಹರ್ಡಿಯವರ ಪಕ್ಷಕ್ಕೆ ಬಲ ಬಂದಿತು. ಮರಿಗಳ ಮೇಲೆ ಎರಗಿದ ಗಂಡುಗಳು ಆ ಮರಿಗಳ ತಂದೆಯಾಗಿರಲಿಲ್ಲ.

ಇಲ್ಲಿಂದ ಮನುಷ್ಯನ ಕಡೆಗೆ ಹಾಯುವ ದಾರಿ ಜಾರುವ ದಾರಿ. ಎಡ್ವರ್ಡ್ ವಿಲ್ಸನ್ 1975ರಲ್ಲಿ ಸಮಾಜಜೀವವಿಜ್ಞಾನದ ಬೃಹದ್ಗ್ರಂಥ ಪ್ರಕಟಿಸಿ ಕೊನೆಯ ಅಧ್ಯಾಯವನ್ನು ಮನುಷ್ಯನಿಗೆ ಮೀಸಲಿಟ್ಟಾಗ, ಅದೇ ಹಾರ್ವರ್ಡ್ ವಿಶ್ವವಿದ್ಯಾಲಯದ ಲೆವಾಂಟಿನ್, ಗೂಲ್ಡ್ ಮೊದಲಾದವರು ಕಟುವಾಗಿ ಖಂಡಿಸಿದರು. 1978ರ ಸಭೆಯೊಂದರಲ್ಲಿ ಪ್ರತಿಭಟನಕಾರರು ವಿಲ್ಸನ್ನರ ತಲೆಯ ಮೇಲೆ ನೀರು ಸುರಿದದ್ದೂ ಉಂಟು. ಇರುವುದನ್ನೇ ಇರಬೇಕಾದದ್ದೆಂದು ಸಮರ್ಥಿಸುವ ಅಪಾಯವನ್ನು ಆ ವಿಮರ್ಶಕರು ಕಂಡಿದ್ದರು. ಆ ಭಯ ನಿರಾಧಾರವಾದುದಲ್ಲ. ಕೆನಡಾದ ಮಾರ್ಟಿನ್ ಡೇಲಿ ಮತ್ತು ಮಾರ್ಗೊ ವಿಲ್ಸನ್ 1988ರಲ್ಲಿ, ಮಲತಂದೆ ಮಲತಾಯಿಯರ ಕೈಯಲ್ಲಿ ಮಕ್ಕಳಿಗೆ ಒದಗುವ ಅಪಾಯ ಹೆಚ್ಚೆಂದು ಅಂಕಿಅಂಶಗಳಿಂದ ವಾದಿಸಿದರು. 2000ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಇದನ್ನು ಒಪ್ಪಲಿಲ್ಲ. ನಮ್ಮ ಜನಪದ ಕಥೆಗಳ ಮಲತಾಯಿಯನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುವುದಂತೂ ಸಲ್ಲದು. ಮುಸುವಗಳಲ್ಲಿ ಕೊಲ್ಲುವುದು ಹೊರಗಿನಿಂದ ಬಂದ ಗಂಡು. ಕಥೆಗಳಲ್ಲಿ ಕಾಡುವುದು ಮನೆಗೆ ಬಂದ ಹೆಣ್ಣು. ಆ ಹೆಣ್ಣಿನ ಕ್ರೌರ್ಯದ ಹಿಂದೆ ಆಸ್ತಿ, ಗಂಡನ ಒಲವು, ಅವಿಭಕ್ತ ಕುಟುಂಬದಲ್ಲಿ ತನ್ನ ಸ್ಥಾನ ಇವೆಲ್ಲ ಇವೆ. ಇವು ವಂಶವಾಹಿಗಳಲ್ಲಿ ಬರೆದವುಗಳಲ್ಲ.

ಮುಸುವಗಳ ಅಧ್ಯಯನದ ಹೆಚ್ಚು ಫಲವತ್ತಾದ ಭಾಗ ಬೇರೆಡೆ ಇದೆ. ಹೆಣ್ಣು ಮುಸುವ ಸುಮ್ಮನೆ ಕುಳಿತು ನೋಡುವುದಿಲ್ಲ. ಹೆಣ್ಣುಗಳು ಒಟ್ಟುಗೂಡಿ ಮರಿಯನ್ನು ರಕ್ಷಿಸಲು ಹೋರಾಡುತ್ತವೆ. ಗರ್ಭಿಣಿಯಾಗಿದ್ದೂ ಹೊಸ ಗಂಡಿನೊಡನೆ ಕೂಡಿ ಪಿತೃತ್ವದ ಗುರುತು ಮಸುಕಾಗುವಂತೆ ಮಾಡುತ್ತವೆ. ಇನ್ನೊಂದು ಲಕ್ಷಣ ಇನ್ನೂ ಗಮನಾರ್ಹ. ಹುಟ್ಟಿದ ದಿನದಿಂದಲೇ ಮುಸುವದ ಮರಿ ಕೈಯಿಂದ ಕೈಗೆ ಹೋಗುತ್ತದೆ. ಉಳಿದ ಹೆಣ್ಣುಗಳು ಅದನ್ನು ಎತ್ತಿಕೊಳ್ಳುತ್ತವೆ, ತಾಯಿ ಆ ಹೊತ್ತಿನಲ್ಲಿ ಮೇಯುತ್ತದೆ. ಮನುಷ್ಯನಿಗೆ ಅತಿ ಹತ್ತಿರದ ಬಂಧುವಾದ ಚಿಂಪಾಂಜಿಯಾದರೋ ಮೊದಲ ತಿಂಗಳುಗಳಲ್ಲಿ ಮರಿಯನ್ನು ಯಾರಿಗೂ ಕೊಡುವುದಿಲ್ಲ. ಒಂದು ಹೆರಿಗೆಗೂ ಮತ್ತೊಂದಕ್ಕೂ ಐದಾರು ವರ್ಷ ಅಂತರವಿರುತ್ತದೆ. ಮನುಷ್ಯ ತಾಯಿ ಅದಕ್ಕಿಂತ ಬೇಗ ಹೆರುತ್ತಾಳೆ, ಅವಳ ಮಗು ಬಹುಕಾಲ ಪರಾವಲಂಬಿ. ಇದು ಒಬ್ಬಳಿಂದ ಆಗುವ ಕೆಲಸವಲ್ಲ. ಅಜ್ಜಿ, ಅಕ್ಕ, ಚಿಕ್ಕಮ್ಮ, ತಂದೆ ಎಲ್ಲರೂ ಸೇರಿ ಮಗುವನ್ನು ಬೆಳೆಸಿದ್ದರಿಂದಲೇ ಮನುಷ್ಯ ಮನುಷ್ಯನಾದ ಎಂದು ಹರ್ಡಿ 2009ರ ಗ್ರಂಥದಲ್ಲಿ ಪ್ರತಿಪಾದಿಸಿದರು.

ತವರಿನ ಬಾಣಂತನವನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಹೊಸದೆನಿಸದು. ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಹೆತ್ತವಳಿಗೂ ಊರಿನಿಂದ ತಾಯಿಯೋ ಅತ್ತೆಯೋ ಬಂದು ಎಣ್ಣೆನೀರು ಎರೆಯುವುದು, ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು ಬರಿಯ ಸಂಪ್ರದಾಯವಲ್ಲ, ಬಹು ಪ್ರಾಚೀನವಾದ ಅಗತ್ಯವೊಂದರ ನಮ್ಮ ನಾಡಿನ ರೂಪ. ಆ ಅಗತ್ಯ ಜೈವಿಕ. ಯಾರು ಬರಬೇಕು, ಎಷ್ಟು ದಿನ ಇರಬೇಕು, ಏನು ಉಣಿಸಬೇಕು ಎಂಬುದು ಸಂಸ್ಕೃತಿಗೆ ಸೇರಿದ್ದು.

ಬೇರು ಗಿಡವನ್ನು ರೂಪಿಸುವಂತೆ ಗಿಡವೂ ಬೇರಿಗೆ ಉಣಿಸುತ್ತದೆ ಎಂಬುದನ್ನು ಫಿಲಿಪೀನ್ಸ್‌ನ ಸೆಬುವಿನಲ್ಲಿ ನಡೆದ ಅಧ್ಯಯನವೊಂದು 2011ರಲ್ಲಿ ತೋರಿಸಿತು. 600ಕ್ಕೂ ಹೆಚ್ಚು ಯುವಕರನ್ನು ಹಲವು ವರ್ಷಗಳ ಅಂತರದಲ್ಲಿ ಪರೀಕ್ಷಿಸಿದಾಗ, ತಂದೆಯಾದವರಲ್ಲಿ ಟೆಸ್ಟೋಸ್ಟಿರೋನಿನ ಪ್ರಮಾಣ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮಗುವಿನ ಆರೈಕೆ ಮಾಡುತ್ತಿದ್ದ ತಂದೆಯರಲ್ಲಿ ಅದು, ಆರೈಕೆಯಲ್ಲಿ ಕೈಜೋಡಿಸದ ತಂದೆಯರಿಗಿಂತ ಇನ್ನೂ ಕಡಿಮೆಯಿತ್ತು.